ಹುರಿದ ಧಾನ್ಯದ ಮಿಶ್ರಣ: ಒಂದೇ ಡಬ್ಬಿ, ಬೇರೆ ಬೇರೆ ಬಟ್ಟಲು



ಈಚಿನ ಎರಡು ಮೂರು ವರ್ಷಗಳಿಂದ ಹರಿಯಬ್ಬೆಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಹೊಸದೊಂದು ಸೇರಿಕೊಂಡಿದೆ. “ಡಾಕ್ಟ್ರೇ, ಗ್ರಾನೋಲ ಅಂತ ಪ್ಯಾಕೆಟ್ ಬರುತ್ತಲ್ಲ, ಮಗ ಬೆಂಗ್ಳೂರಿಂದ ತಂದವ್ನೆ. ಬಾಳ ಒಳ್ಳೇದಂತೆ. ಮನೇಲಿ ಎಲ್ಲಾರೂ ತಿನ್ಬೌದಾ ಸಾರ್?” ಎಂಬುದೇ ಆ ಪ್ರಶ್ನೆ. ಪೊಟ್ಟಣದ ಮೇಲೆ ಧಾನ್ಯದ ಚಿತ್ರವಿದೆ, ಬೀಜಗಳ ಚಿತ್ರವಿದೆ, ಆರೋಗ್ಯವೆಂಬ ಮಾತು ದೊಡ್ಡ ಅಕ್ಷರಗಳಲ್ಲಿದೆ. ಆದುದರಿಂದ ಪ್ರಶ್ನೆ ಸಹಜವಾದುದು. ಆದರೆ ಅದರ ಕಡೆಯ ಮಾತಿನಲ್ಲಿಯೇ ವಿಷಯದ ತಿರುಳಿದೆ. ಒಂದೇ ಮನೆಯಲ್ಲಿ ಬೆಳೆಯುವ ಮಗುವಿದೆ, ರಕ್ತ ಕಡಿಮೆಯಿರುವ ಹೆಣ್ಣುಮಗಳಿದ್ದಾಳೆ, ಹೊಲಕ್ಕೆ ಹೋಗುವ ಮಗನಿದ್ದಾನೆ, ಮಧುಮೇಹದ ಅಜ್ಜನಿದ್ದಾರೆ, ಹಲ್ಲಿಲ್ಲದ ಅಜ್ಜಿಯಿದ್ದಾರೆ. ಇವರೆಲ್ಲರಿಗೂ ಒಂದೇ ಪಾಕದ ಒಂದೇ ಪೊಟ್ಟಣ ಹಿತವಾಗುವುದೆಂತು?

ಈ ತಿಂಗಳ ಲೇಖನದಲ್ಲಿ ಗ್ರಾನೋಲವೆಂದರೇನು, ಅದಕ್ಕೆ ಸಮನಾದುದು ನಮ್ಮಲ್ಲಿ ಏನಿದೆ, ಅದನ್ನು ಮನೆಯಲ್ಲಿ ಸಿದ್ಧಪಡಿಸುವ ಕ್ರಮವೇನು, ಯಾರ ಬಟ್ಟಲಿಗೆ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವಿವರಿಸಲು ಇಚ್ಛಿಸುತ್ತೇವೆ.

ವೈದ್ಯರ ಅಡುಗೆಮನೆಯಿಂದ ಬಂದ ತಿನಿಸು

ಓಟ್ಸ್ ಎಂಬ ಧಾನ್ಯದ ಅವಲಕ್ಕಿಗೆ ಬಾದಾಮಿ ಮುಂತಾದ ಬೀಜಗಳು, ಎಣ್ಣೆ, ಜೇನು ಅಥವಾ ಸಕ್ಕರೆಯ ಪಾಕವನ್ನು ಬೆರೆಸಿ, ಓವನ್ನಿನಲ್ಲಿ ಗರಿಗರಿಯಾಗುವವರೆಗೆ ಕಾಯಿಸಿ, ಆರಿದ ಮೇಲೆ ಒಣಹಣ್ಣುಗಳನ್ನು ಸೇರಿಸಿದರೆ ಅದೇ ಇಂದಿನ ಗ್ರಾನೋಲ. ಅದರ ಮೂಲವೂ ಆರೋಗ್ಯಧಾಮಗಳಲ್ಲಿಯೇ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಜೇಮ್ಸ್ ಕ್ಯಾಲೆಬ್ ಜಾಕ್ಸನ್ ಎಂಬ ವೈದ್ಯರು 1863ರಲ್ಲಿ ತವುಡು ಸಹಿತವಾದ ಗೋಧಿಹಿಟ್ಟನ್ನು ನೀರಿನಲ್ಲಿ ಕಲಸಿ, ಸುಟ್ಟು, ಪುಡಿಮಾಡಿ, ಮತ್ತೆ ಸುಟ್ಟು ತಮ್ಮ ರೋಗಿಗಳಿಗೆ ಕೊಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಗ್ರಾನ್ಯುಲ. ಅದು ಎಷ್ಟು ಗಡಸಾಗಿತ್ತೆಂದರೆ ರಾತ್ರಿಯೇ ಹಾಲಿನಲ್ಲಿ ನೆನೆಸಿಡದೆ ತಿನ್ನಲು ಆಗುತ್ತಿರಲಿಲ್ಲ. ಮುಂದೆ ಬ್ಯಾಟಲ್ ಕ್ರೀಕ್ ಎಂಬಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಡಾ. ಜಾನ್ ಹಾರ್ವೆ ಕೆಲಾಗ್ ಅವರು ಇದೇ ಬಗೆಯ ಆಹಾರವನ್ನು ಅದೇ ಹೆಸರಿನಲ್ಲಿ ಸಿದ್ಧಪಡಿಸಿದರು. ಹೆಸರಿನ ಬಗ್ಗೆ ತಕರಾರು ಬಂದುದರಿಂದ ಗ್ರಾನ್ಯುಲ ಎಂಬುದು ಗ್ರಾನೋಲ ಆಯಿತು.

ಇಲ್ಲಿ ಗಮನಿಸಬೇಕಾದುದೊಂದಿದೆ. ಅಂದು ರೋಗಿಗಳ ಪಥ್ಯವಾಗಿ ಹುಟ್ಟಿದ ಈ ಆಹಾರ ಸಿಹಿತಿಂಡಿಯಾಗಿರಲಿಲ್ಲ. ಸಿಹಿ ಸೇರಿದ್ದು ಕಾಲಕ್ರಮದಲ್ಲಿ, ಮಾರಾಟ ಬೆಳೆದಂತೆಲ್ಲ. ಇಂದು ಪೊಟ್ಟಣದ ಹಿಂಬದಿಯನ್ನು ಓದಿದರೆ ಇದು ತಿಳಿಯುತ್ತದೆ. ನಮ್ಮ ದೇಶದ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕಡೆಗೆ. ಸಕ್ಕರೆ, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್, ಜೇನು, ಬೆಲ್ಲ ಇವುಗಳಲ್ಲಿ ಯಾವುದಾದರೂ ಮೊದಲ ಮೂರು ನಾಲ್ಕು ಹೆಸರುಗಳಲ್ಲಿ ಇದ್ದರೆ ಅದನ್ನು ಸಿಹಿತಿಂಡಿಯೆಂದೇ ಎಣಿಸತಕ್ಕದ್ದು.

ನಮ್ಮ ಮನೆಗಳಲ್ಲಿ ಇದ್ದದ್ದೇ

ಹುರಿದ ಧಾನ್ಯಕ್ಕೆ ಬೀಜ, ಕಾಯಿ, ಬೆಲ್ಲಗಳನ್ನು ಬೆರೆಸಿ ತಿನ್ನುವುದು ನಮ್ಮವರಿಗೆ ಹೊಸದಲ್ಲ. ಸಂಕ್ರಾಂತಿಯಂದು ಮನೆಮನೆಗೆ ಹಂಚುವ ಎಳ್ಳುಬೆಲ್ಲವನ್ನು ನೋಡಿರಿ. ಎಳ್ಳು, ಬೆಲ್ಲ, ಹುರಿದ ಶೇಂಗಾ, ಹುರಿಗಡಲೆ, ಒಣಕೊಬ್ಬರಿ, ಹೀಗೆ ಐದು ಪದಾರ್ಥಗಳ ಮಿಶ್ರಣವದು. ಗ್ರಾನೋಲಕ್ಕೆ ಸೇರಿಸುವ ಬೀಜಗಳ ಭಾಗವೆಲ್ಲ ಅದರಲ್ಲಿಯೇ ಇದೆ. ನಾಗರಪಂಚಮಿಗೆ ಅರಳು ಮತ್ತು ಎಳ್ಳುಂಡೆ, ಶಿವರಾತ್ರಿಗೆ ತಂಬಿಟ್ಟು, ಜಾತ್ರೆಗೆ ಮಂಡಕ್ಕಿ. ವರ್ಷದ ಉಳಿದ ದಿನಗಳಲ್ಲಿ ರಾಗಿ ಹುರಿಹಿಟ್ಟು. ಹೊಲದ ಕೆಲಸಕ್ಕೆ ನಸುಕಿನಲ್ಲಿ ಹೊರಡುವವರು ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದು ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಇಂದು ಅದರ ಸ್ಥಾನದಲ್ಲಿ ಒಂದು ಲೋಟ ಚಹಾ ಮತ್ತು ಎರಡು ಬಿಸ್ಕತ್ತು ಬಂದು ಕುಳಿತಿವೆ. ಹನ್ನೊಂದು ಗಂಟೆಗೆ ತಲೆಸುತ್ತು, ಹೊಟ್ಟೆಯುರಿ ಎಂದು ನಮ್ಮಲ್ಲಿಗೆ ಬರುವ ಅನೇಕರಲ್ಲಿ ಬೆಳಗಿನ ಆಹಾರವೇನೆಂದು ಕೇಳಿದರೆ ದೊರೆಯುವ ಉತ್ತರ ಇದೊಂದೇ.

ನಮ್ಮ ಜಿಲ್ಲೆ ಮಳೆ ಕಡಿಮೆಯ ಸೀಮೆ. ಆದರೆ ಈ ಮಿಶ್ರಣಕ್ಕೆ ಬೇಕಾದ ಬಹುತೇಕ ಪದಾರ್ಥಗಳು ಇಲ್ಲಿಯೇ ಬೆಳೆಯುತ್ತವೆ. ಹಿರಿಯೂರು, ಚಳ್ಳಕೆರೆಗಳ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ, ಹೊಸದುರ್ಗದ ಕಡೆ ಸಾವೆ, ನವಣೆ ಮತ್ತು ತೆಂಗು, ಎಲ್ಲೆಡೆಯೂ ರಾಗಿ. ಮಂಡಕ್ಕಿಗೆ ಹೆಸರಾದ ದಾವಣಗೆರೆಯಾದರೂ 1997ರವರೆಗೆ ನಮ್ಮ ಜಿಲ್ಲೆಗೇ ಸೇರಿತ್ತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣಗಳಲ್ಲಿ ಈ ಧಾನ್ಯಗಳಿಗೆ ಬೆಲೆ ಬಂದಿದೆ. ಆದರೆ ಬೆಳೆಯುವ ಮನೆಯ ಅಡುಗೆಮನೆಗೆ ಅವು ಮರಳಿ ಬಂದಿಲ್ಲ. ಶೇಂಗಾವನ್ನು ಮೂಟೆಗಟ್ಟಲೆ ಮಾರಿ, ಅದೇ ಶೇಂಗಾ ಸೇರಿದ ತಿನಿಸನ್ನು ಪೊಟ್ಟಣದಲ್ಲಿ ಹೆಚ್ಚು ಬೆಲೆಗೆ ಕೊಳ್ಳುವ ಸ್ಥಿತಿ ನಮ್ಮದಾಗಿದೆ.

ಶಾಸ್ತ್ರದ ಮಾತು

ಆಯುರ್ವೇದದಲ್ಲಿ ಹುರಿದ ಧಾನ್ಯಕ್ಕೆ ವಿಶೇಷ ಸ್ಥಾನವಿದೆ. ಅರಳಿಗೆ ಲಾಜವೆಂದೂ, ಹುರಿದ ಧಾನ್ಯದ ಹಿಟ್ಟಿಗೆ ಸಕ್ತುವೆಂದೂ, ಅವಲಕ್ಕಿಗೆ ಪೃಥುಕವೆಂದೂ ಹೆಸರು. ಧಾನ್ಯವೊಂದೇ ಆದರೂ ಸಂಸ್ಕಾರದಿಂದ ಅದರ ಗುಣ ಬದಲಾಗುತ್ತದೆ. ಅರಳಾದ ಧಾನ್ಯ ಲಘುವಾಗುತ್ತದೆ. ವಾಂತಿಯನ್ನು ತಡೆಯುವ ಹತ್ತು ದ್ರವ್ಯಗಳ ಸಾಲಿನಲ್ಲಿ ಚರಕಾಚಾರ್ಯರು ಲಾಜವನ್ನೂ ಸೇರಿಸಿದ್ದಾರೆ. ಅವಲಕ್ಕಿಯಾದರೋ ಗುರು, ಎಂದರೆ ಜೀರ್ಣಕ್ಕೆ ಭಾರ. ಆದುದರಿಂದ ಅದನ್ನು ಹುರಿದು, ಅಲ್ಪ ಪ್ರಮಾಣದಲ್ಲಿ ತಿನ್ನಬೇಕೆಂಬುದು ಅವರ ಸೂಚನೆ. ಸಕ್ತುವನ್ನು ರಾತ್ರಿಯಲ್ಲಿ, ಊಟವಾದ ಮೇಲೆ, ಅತಿಯಾಗಿ ಸೇವಿಸಬಾರದೆಂದೂ ಹೇಳಿದ್ದಾರೆ. ನವಣೆ, ಸಾವೆಗಳಂತಹ ಕಿರುಧಾನ್ಯಗಳು ಲಘುವಾದರೂ ರೂಕ್ಷ. ಅವು ವಾತವನ್ನು ಹೆಚ್ಚಿಸುತ್ತವೆ. ತುಪ್ಪ ಸೇರಿಸುವುದು ಈ ರೂಕ್ಷತೆಯನ್ನು ತಗ್ಗಿಸಲೆಂದೇ.

ಇದಕ್ಕಿಂತಲೂ ಮುಖ್ಯವಾದುದು, ಆಹಾರವನ್ನು ಎಂಟು ದೃಷ್ಟಿಗಳಿಂದ ಪರೀಕ್ಷಿಸಬೇಕೆಂಬ ಚರಕಸಂಹಿತೆಯ ವಿಮಾನಸ್ಥಾನದ ನಿರೂಪಣೆ. ಪದಾರ್ಥದ ಸ್ವಭಾವ, ಅದಕ್ಕೆ ಮಾಡಿದ ಸಂಸ್ಕಾರ, ಯಾವುದರೊಡನೆ ಸೇರಿದೆಯೆಂಬ ಸಂಯೋಗ, ಪ್ರಮಾಣ, ದೇಶ, ಕಾಲ, ಸೇವನೆಯ ನಿಯಮ ಮತ್ತು ಕಡೆಯದಾಗಿ ಸೇವಿಸುವ ವ್ಯಕ್ತಿ. ಪೊಟ್ಟಣದ ಗ್ರಾನೋಲದಲ್ಲಿ ಮೊದಲ ಮೂರನ್ನು ಕಾರ್ಖಾನೆಯವರು ನಿರ್ಧರಿಸಿರುತ್ತಾರೆ. ಸೇವಿಸುವವರು ಯಾರೆಂಬುದು ಅವರಿಗೆ ತಿಳಿಯದು. ಮನೆಯ ತಾಯಿಗೆ ತಿಳಿದಿದೆ. ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂದು ನಾವು ಹೇಳುವುದಕ್ಕೆ ಇದೇ ಮುಖ್ಯ ಕಾರಣ. ಉಳಿತಾಯ, ರುಚಿ ಇವೆಲ್ಲ ಅನಂತರದವು.

ಮೂಲ ಮಿಶ್ರಣ: ಬೆಲ್ಲವಿಲ್ಲದೆ

ಆದಕಾರಣ ನಾವು ಹೇಳುವ ಕ್ರಮದಲ್ಲಿ ಡಬ್ಬಿಗೆ ತುಂಬುವ ಮೂಲ ಮಿಶ್ರಣಕ್ಕೆ ಸಿಹಿಯನ್ನಾಗಲೀ ಉಪ್ಪನ್ನಾಗಲೀ ಹಾಕುವುದಿಲ್ಲ. ಅವು ಅವರವರ ಬಟ್ಟಲಿಗೆ ಸೇರುತ್ತವೆ.

ಬೇಕಾಗುವ ಪದಾರ್ಥಗಳು:
ಮಧ್ಯಮ ದಪ್ಪದ ಅವಲಕ್ಕಿ 200 ಗ್ರಾಂ (ಅಕ್ಕಿಯದು, ಅಥವಾ ಜೋಳ, ನವಣೆ, ಸಾವೆಯದು)
ರಾಗಿ ಅರಳು ಅಥವಾ ಜೋಳದ ಅರಳು 50 ಗ್ರಾಂ
ಶೇಂಗಾ ಬೀಜ 75 ಗ್ರಾಂ
ಹುರಿಗಡಲೆ 50 ಗ್ರಾಂ
ತುಪ್ಪ 25 ಗ್ರಾಂ
ಏಲಕ್ಕಿ ಪುಡಿ, ಒಣಶುಂಠಿ ಪುಡಿ ತಲಾ ಕಾಲು ಚಮಚ

ರಾಗಿ ಅರಳನ್ನು ಮನೆಯಲ್ಲಿಯೇ ಮಾಡುವವರು ಒಂದು ಅಂಶವನ್ನು ನೆನಪಿಡಬೇಕು. ಕಾಳಿನೊಳಗಿನ ತೇವವು ಕಾವಿಗೆ ಆವಿಯಾಗಿ ಒಮ್ಮೆಗೇ ಹಿಗ್ಗುವುದರಿಂದ ಕಾಳು ಅರಳುತ್ತದೆ. ಪೂರಾ ಒಣಗಿದ ರಾಗಿ ಕರಕಲಾಗುವುದೇ ಹೊರತು ಅರಳುವುದಿಲ್ಲ. ಆದುದರಿಂದ ರಾಗಿಯನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಇರಿಸಿ, ಬೆಳಿಗ್ಗೆ ನೆರಳಿನಲ್ಲಿ ಹರಡಿ, ಮೇಲಿನ ಪಸೆ ಆರಿದೊಡನೆ ಹುರಿಯಬೇಕು. ಬಾಣಲೆ ಚೆನ್ನಾಗಿ ಕಾದಿರಬೇಕು. ಒಂದು ಸಲಕ್ಕೆ ಒಂದು ಹಿಡಿಯಷ್ಟನ್ನು ಮಾತ್ರ ಹಾಕಿ, ಬಟ್ಟೆಯ ಉಂಡೆಯಿಂದ ಬಿಡದೆ ಆಡಿಸುತ್ತಿದ್ದರೆ ಚಟಪಟನೆ ಅರಳುತ್ತದೆ. ಜರಡಿಯಲ್ಲಿ ಉಳಿಯುವ ಅರಳನ್ನು ಮಿಶ್ರಣಕ್ಕೆ ತೆಗೆದುಕೊಂಡು, ಅರಳದೆ ಕೆಳಗಿಳಿದ ಕಾಳನ್ನು ಬೀಸಿ ಹುರಿಹಿಟ್ಟಾಗಿಸಬಹುದು. ಏನೂ ವ್ಯರ್ಥವಾಗುವುದಿಲ್ಲ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೊದಲು ಶೇಂಗಾವನ್ನು ಹುರಿದು, ಆರಿಸಿ, ಸಿಪ್ಪೆ ಕೇರಿ, ಎರಡು ಹೋಳಾಗುವಂತೆ ಒಡೆಯಿರಿ. ಅದೇ ಬಾಣಲೆಯಲ್ಲಿ ಅವಲಕ್ಕಿಯನ್ನು ಎರಡು ಮೂರು ಕಂತುಗಳಲ್ಲಿ, ಪ್ರತಿ ಕಂತನ್ನು ಆರೇಳು ನಿಮಿಷ ಹುರಿಯಿರಿ. ಬಣ್ಣ ಬದಲಾಗುವವರೆಗೆ ಕಾಯಬೇಕಿಲ್ಲ. ಬೆರಳಲ್ಲಿ ಮುರಿದರೆ ಚಟ್ಟೆಂದು ಮುರಿದರೆ ಸಾಕು. ಹುರಿಗಡಲೆಯನ್ನು ಒಂದು ನಿಮಿಷ ಬಿಸಿಮಾಡಿದರೆ ಸಾಕಾಗುತ್ತದೆ. ಕಡೆಗೆ ತುಪ್ಪವನ್ನು ಕರಗಿಸಿ, ಉರಿ ಆರಿಸಿ, ಏಲಕ್ಕಿ ಮತ್ತು ಶುಂಠಿ ಪುಡಿ ಹಾಕಿ, ಎಲ್ಲವನ್ನೂ ಸುರಿದು ತುಪ್ಪ ಸಮನಾಗಿ ಹತ್ತುವಂತೆ ಕಲಸಿರಿ. ಪೂರ್ತಿ ತಣ್ಣಗಾದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿರಿ. ಬೆಚ್ಚಗಿರುವಾಗಲೇ ತುಂಬಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ, ಬೂಷ್ಟಿಗೂ ಎಡೆಯಾಗುತ್ತದೆ. ಹೀಗೆ ಮಾಡಿದ್ದು ಮೂರು ವಾರ ಕೆಡದೆ ಇರುತ್ತದೆ.

ಇದರಿಂದ ಸುಮಾರು 400 ಗ್ರಾಂ ಮಿಶ್ರಣ ದೊರೆಯುತ್ತದೆ. ಒಬ್ಬರಿಗೆ ಒಂದು ಸಲಕ್ಕೆ 40 ಗ್ರಾಂ, ಎಂದರೆ ದೊಡ್ಡವರ ಕೈಯಲ್ಲಿ ಸುಮಾರು ಎರಡು ಹಿಡಿ. ಇಷ್ಟರಲ್ಲಿ ಸುಮಾರು 170 ಕ್ಯಾಲೊರಿ ಶಕ್ತಿಯೂ ನಾಲ್ಕೂವರೆ ಗ್ರಾಂನಷ್ಟು ಪ್ರೋಟೀನೂ ಇವೆ. ಇದು ಬೆಳಗಿನ ಉಪಾಹಾರಕ್ಕೆ ಅಥವಾ ಸಂಜೆ ನಾಲ್ಕರ ಹಸಿವಿಗೆ ಬದಲಾಗಿ ತಿನ್ನುವಂಥದು. ಮುದ್ದೆಯುಂಡು ಅದರ ಮೇಲೆ ಇದನ್ನೂ ತಿಂದರೆ ಮೈ ಬರುತ್ತದೆಯೇ ಹೊರತು ಬಲ ಬರುವುದಿಲ್ಲ.

ಯಾರ ಬಟ್ಟಲಿಗೆ ಏನು?

*ಶಾಲೆಗೆ ಹೋಗುವ ಮಕ್ಕಳಿಗೆ.* ಮೂಲ ಮಿಶ್ರಣದಲ್ಲಿ 200 ಗ್ರಾಂ ಬೇರೆ ತೆಗೆಯಿರಿ. 40 ಗ್ರಾಂ ಬೆಲ್ಲಕ್ಕೆ ಎರಡು ದೊಡ್ಡ ಚಮಚ ನೀರು ಹಾಕಿ ಕರಗಿಸಿ, ಸೋಸಿ, ಒಂದೆಳೆ ಪಾಕ ಬರುವವರೆಗೆ ಕುದಿಸಿರಿ. ಅದರಲ್ಲಿ ಮಿಶ್ರಣವನ್ನು ಹೊರಳಿಸಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಆಡಿಸಿ, ತಟ್ಟೆಯಲ್ಲಿ ಹರಡಿದರೆ ಆರಿದ ಮೇಲೆ ಸಣ್ಣ ಸಣ್ಣ ಗಂಟುಗಳಾಗಿ ಗರಿಗರಿಯಾಗುತ್ತದೆ. ಹುರಿದ ಎಳ್ಳು, ಕೊಬ್ಬರಿಯ ತುರಿಯನ್ನು ಸೇರಿಸಿರಿ. ಇದನ್ನು ಬೆಚ್ಚನೆಯ ಹಾಲಿನೊಡನೆ ಕೊಡಬಹುದು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಎಳ್ಳಿನಲ್ಲಿ ಅದಕ್ಕಿಂತಲೂ ಅಧಿಕ. ಬೆಳೆಯುವ ಮೂಳೆಗೆ ಇವು ಹಿತ. ಪಾಕ ಸೇರಿದ ಮಿಶ್ರಣವನ್ನು ಹತ್ತು ಹನ್ನೆರಡು ದಿನಗಳೊಳಗೆ ಮುಗಿಸತಕ್ಕದ್ದು.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾವನ್ನಾಗಲೀ ಗಟ್ಟಿ ಗಂಟುಗಳನ್ನಾಗಲೀ ಕೊಡಲೇಬಾರದು. ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣಾಪಾಯ. ಅವರಿಗೆ ಮಿಶ್ರಣವನ್ನು ನುಣ್ಣಗೆ ಬೀಸಿ, ಹಾಲಿನಲ್ಲಿ ಕಲಸಿ ಕೊಡಿರಿ. ಒಂದು ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸುವುದೂ ಅಪಾಯಕರ.

*ಹರೆಯದ ಹೆಣ್ಣುಮಕ್ಕಳಿಗೆ ಮತ್ತು ರಕ್ತಹೀನತೆಯುಳ್ಳವರಿಗೆ.* 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿ ಶಾಲೆ ಕಾಲೇಜುಗಳಿಗೆ ಹೋಗುವ ನಮ್ಮ ಹಳ್ಳಿಗಳ ಹುಡುಗಿಯರು ಈ ಲೆಕ್ಕದಿಂದ ಹೊರತಲ್ಲ. ಇವರ ಬಟ್ಟಲಿಗೆ ಒಂದು ಚಮಚ ಎಳ್ಳು, ಒಂದು ಚಮಚ ಸಿಪ್ಪೆ ಸುಲಿದ ಕುಂಬಳಬೀಜ, ಹತ್ತು ಹನ್ನೆರಡು ಒಣದ್ರಾಕ್ಷಿ ಸೇರಿಸಿರಿ. ಧಾನ್ಯ ಬೀಜಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಜೊತೆಗೆ ಹುಳಿಯ ಅಂಶವಿರುವ ಹಣ್ಣು ಬೇಕು. ಒಂದು ಸೀಬೆಹಣ್ಣು, ನೆಲ್ಲಿಕಾಯಿ ಅಥವಾ ಒಂದು ಲೋಟ ನಿಂಬೆಯ ಪಾನಕ ಸಾಕು. ಚಹಾ, ಕಾಫಿ ಮತ್ತು ಹಾಲು ಈ ಹೀರಿಕೆಯನ್ನು ತಗ್ಗಿಸುತ್ತವೆ. ಆದುದರಿಂದ ಈ ಬಟ್ಟಲನ್ನು ಹಾಲಿಲ್ಲದೆ ಒಣದಾಗಿಯೇ ತಿಂದು, ಚಹಾವನ್ನು ಒಂದು ಗಂಟೆಯ ಅನಂತರಕ್ಕೆ ಮುಂದೂಡಬೇಕು. ಹುಳಿಹಣ್ಣು ಹಾಲುಗಳ ಸಂಯೋಗ ವಿರುದ್ಧಾಹಾರವೆಂದು ಆಯುರ್ವೇದವೂ ಹೇಳುತ್ತದೆ.

ಬೆಲ್ಲ ತಿಂದರೆ ರಕ್ತ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಒಂದು ಬಟ್ಟಲಿಗೆ ಸೇರುವ ಆರೇಳು ಗ್ರಾಂ ಬೆಲ್ಲದಿಂದ ದೊರೆಯುವ ಕಬ್ಬಿಣದ ಅಂಶ ಅತ್ಯಲ್ಪ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬೆಲ್ಲದ ಭರವಸೆಯಲ್ಲಿ ಎಸೆಯಬಾರದು. ಈ ಮಿಶ್ರಣ ಆಹಾರವೇ ಹೊರತು ಔಷಧವಲ್ಲ.

*ಮಧುಮೇಹಿಗಳಿಗೆ.* ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ವಿನಂತಿಸುತ್ತೇವೆ. “ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ ತಿನ್ನುತ್ತೇನೆ” ಎನ್ನುವ ಹಿರಿಯರನ್ನು ನಾವು ಪ್ರತಿವಾರ ಕಾಣುತ್ತೇವೆ. ಅವರಲ್ಲಿ ಕೆಲವರ ಕಾಲಿನ ಹುಣ್ಣು ಮಾಯದೆ ಬೆರಳು ಕಳೆದುಕೊಂಡದ್ದನ್ನೂ ಕಂಡಿದ್ದೇವೆ. ಬೆಲ್ಲದ ಬಹುಭಾಗ ಸಕ್ಕರೆಯ ಅಂಶವೇ. ರಕ್ತದಲ್ಲಿ ಅದು ಏರಿಸುವುದೂ ಸಕ್ಕರೆಯನ್ನೇ. ಪ್ರಮೇಹದ ಕಾರಣಗಳನ್ನು ಎಣಿಸುವಾಗ ಚರಕಾಚಾರ್ಯರು ಹೊಸ ಧಾನ್ಯವನ್ನೂ ಬೆಲ್ಲದಿಂದ ಮಾಡಿದ ತಿನಿಸುಗಳನ್ನೂ ಹೆಸರಿಸಿದ್ದಾರೆಂಬುದನ್ನು ಬೆಲ್ಲವು ಆಯುರ್ವೇದಕ್ಕೆ ಒಪ್ಪಿತವೆಂದು ವಾದಿಸುವವರು ಅರಿಯಬೇಕು. ಜೇನು, ಖರ್ಜೂರ, ಒಣದ್ರಾಕ್ಷಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಇಷ್ಟೇ ಅಲ್ಲ. ಅಕ್ಕಿಯ ಅವಲಕ್ಕಿ, ಮಂಡಕ್ಕಿ, ಅರಳು ಇವು ಬೇಗನೆ ಜೀರ್ಣವಾಗುವುದರಿಂದ ಸಿಹಿಯಿಲ್ಲದಿದ್ದರೂ ಸಕ್ಕರೆಯನ್ನು ಬೇಗ ಏರಿಸುತ್ತವೆ. ಸಿರಿಧಾನ್ಯವೆಂದ ಮಾತ್ರಕ್ಕೆ ಏರುವುದೇ ಇಲ್ಲವೆಂದು ತಿಳಿಯಬಾರದು. ಆದುದರಿಂದ ಮಧುಮೇಹಿಗಳಿರುವ ಮನೆಯಲ್ಲಿ ಜೋಳ ಅಥವಾ ನವಣೆಯ ಅವಲಕ್ಕಿಯನ್ನು ಬಳಸಿ, ಅವರ ಬಟ್ಟಲಿಗೆ ಮೂಲ ಮಿಶ್ರಣವನ್ನು 15 ಗ್ರಾಂಗೆ ಇಳಿಸಿ, ಅಷ್ಟೇ ತೂಕದ ಹುರಿಗಡಲೆ, ಒಂದು ಚಮಚ ಹುರಿದು ಕುಟ್ಟಿದ ಅಗಸೆಬೀಜ, ಐದಾರು ಶೇಂಗಾ ಸೇರಿಸಿರಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಕೊಟ್ಟು, ಚಿಟಿಕೆ ಉಪ್ಪು ಹಾಕಿದರೆ ನಮ್ಮ ಖಾರ ಮಂಡಕ್ಕಿಯ ರುಚಿಯೇ ಬರುತ್ತದೆ. ಜೊತೆಗೆ ಮಜ್ಜಿಗೆ. ತಿಂದ ಎರಡು ಗಂಟೆಯ ಮೇಲೆ ರಕ್ತಪರೀಕ್ಷೆ ಮಾಡಿಸಿ, ಎಷ್ಟು ಏರಿತೆಂದು ಒಮ್ಮೆ ನೋಡಿಕೊಳ್ಳಿರಿ. ಬಾಯಿಮಾತಿಗಿಂತ ಅದು ನಂಬಬಹುದಾದ ಸಾಕ್ಷಿ. ಯಾವ ಕಾರಣಕ್ಕೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

*ಹೊಲಕ್ಕೆ, ಕೂಲಿಗೆ ಹೋಗುವವರಿಗೆ.* ಇವರಿಗೆ ಶಕ್ತಿ ಬೇಕು. ಮೂಲ ಮಿಶ್ರಣ 60 ಗ್ರಾಂ, ಅದಕ್ಕೆ ಒಂದು ಹಿಡಿ ಶೇಂಗಾ. ಬೆಲ್ಲದ ತುಣುಕು ಇರಬಹುದು. ಬೇಸಿಗೆಯಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ ಜೊತೆಯಲ್ಲಿರಲಿ. ಬೆವರಿನಲ್ಲಿ ಕಳೆದುಹೋದುದನ್ನು ಅದು ತುಂಬುತ್ತದೆ.

*ಹಿರಿಯರಿಗೆ, ಮಲಬದ್ಧತೆಯುಳ್ಳವರಿಗೆ.* ಹಲ್ಲು ಸಡಿಲವಾದವರು ಮಿಶ್ರಣವನ್ನು ತರಿತರಿಯಾಗಿ ಬೀಸಿ, ಬಿಸಿಹಾಲಿನಲ್ಲಿ ಹತ್ತು ನಿಮಿಷ ನೆನೆಸಿ, ಅರ್ಧ ಚಮಚ ತುಪ್ಪ, ಚಿಟಿಕೆ ಶುಂಠಿ ಪುಡಿ ಹಾಕಿಕೊಳ್ಳಲಿ. ಮಲಬದ್ಧತೆಗೆ ಒಂದು ಚಮಚ ಅಗಸೆಬೀಜ ಹಿತ. ಆದರೆ ಇಡೀ ಬೀಜ ಹಾಗೆಯೇ ಹೊರಹೋಗುತ್ತದೆ. ಕುಟ್ಟಿಯೇ ಹಾಕಬೇಕು, ನೀರನ್ನು ಧಾರಾಳವಾಗಿ ಕುಡಿಯಬೇಕು. ನೀರಿಲ್ಲದೆ ನಾರು ಮಾತ್ರ ಹೆಚ್ಚಾದರೆ ಮಲಬದ್ಧತೆ ಬಿಗಿಯಾಗುತ್ತದೆ.

ಸೇರಿಸುವಾಗ ನೆನಪಿಡಬೇಕಾದವು

ಸಿಹಿ ಬಟ್ಟಲಿಗೆ ಹಾಲು, ಉಪ್ಪು ಖಾರದ ಬಟ್ಟಲಿಗೆ ಮಜ್ಜಿಗೆ. ಹಾಲಿಗೆ ಉಪ್ಪು ಸೇರುವುದನ್ನೂ ಆಯುರ್ವೇದ ವಿರುದ್ಧವೆಂದೇ ಎಣಿಸುತ್ತದೆ. ಇದೊಂದು ಸೂತ್ರ ನೆನಪಿದ್ದರೆ ಗೊಂದಲವಿಲ್ಲ.

ಜೇನನ್ನು ಕಾಯಿಸಬಾರದು. ವಿದೇಶದ ಪಾಕವಿಧಾನಗಳಲ್ಲಿ ಜೇನು ಬೆರೆಸಿ ಓವನ್ನಿನಲ್ಲಿಡುವ ಕ್ರಮವಿದೆ. ಬಿಸಿಮಾಡಿದ ಜೇನು ಅಹಿತವೆಂಬುದು ನಮ್ಮ ಆಚಾರ್ಯರೆಲ್ಲರ ಏಕಾಭಿಪ್ರಾಯ. ಜೇನು ಬೇಕೆನ್ನುವವರು ತಣ್ಣಗಾದ ಬಟ್ಟಲಿಗೆ ಅರ್ಧ ಚಮಚ ಹಾಕಿಕೊಳ್ಳಲಿ. ತುಪ್ಪ ಮತ್ತು ಜೇನು ಸಮಪ್ರಮಾಣದಲ್ಲಿ ಕೂಡದಂತೆಯೂ ನೋಡಿಕೊಳ್ಳಬೇಕು.

ಶೇಂಗಾವನ್ನು ಆರಿಸುವ ಕೆಲಸದಲ್ಲಿ ಅವಸರ ಬೇಡ. ಸುಕ್ಕುಗಟ್ಟಿದ, ಬಣ್ಣ ಕೆಟ್ಟ, ಬೂಷ್ಟು ತಗುಲಿದ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತಿಗೆ ಹಾನಿಕರ. ಹುರಿದರೆ ಪೂರ್ತಿ ಹೋಗುವುದಿಲ್ಲ. ಮಾರಾಟಕ್ಕೆ ಒಳ್ಳೆಯದನ್ನು ಕಳುಹಿಸಿ, ಮಳೆಗೆ ಸಿಕ್ಕಿ ಕಪ್ಪಾದುದನ್ನು ಮನೆಗೆ ಉಳಿಸಿಕೊಳ್ಳುವ ಅಭ್ಯಾಸ ನಮ್ಮ ರೈತ ಕುಟುಂಬಗಳಲ್ಲಿದೆ. ಇದನ್ನು ಬಿಡಲೇಬೇಕು. ಕಮಟು ವಾಸನೆ ಬಂದ ಬೀಜ, ಕೊಬ್ಬರಿಗಳನ್ನೂ ಬಳಸಬಾರದು. ಕುಟ್ಟಿದ ಅಗಸೆ ಬೇಗ ಕಮಟಾಗುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಕುಟ್ಟಿಡಿರಿ.

ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಬೀಜಗಳು ಮತ್ತು ಒಣಹಣ್ಣುಗಳು ಅಹಿತವಾಗಬಹುದು. ತಮ್ಮ ವೈದ್ಯರನ್ನು ಕೇಳದೆ ತಿನ್ನಬಾರದು. ರಕ್ತದೊತ್ತಡವುಳ್ಳವರು ಉಪ್ಪು ಹಾಕದೆ ತಿನ್ನಲಿ. ಶೇಂಗಾ ತಿಂದೊಡನೆ ತುರಿಕೆ, ತುಟಿಯ ಊತ, ಉಬ್ಬಸ ಕಾಣಿಸಿಕೊಂಡ ಮಗುವಿಗೆ ಮತ್ತೆಂದೂ ಶೇಂಗಾ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಋತುವನ್ನೂ ನೋಡಬೇಕು. ಚಳಿಗಾಲದಲ್ಲಿ ಜಠರಾಗ್ನಿ ಬಲವಾಗಿರುವುದರಿಂದ ಎಳ್ಳು, ಶೇಂಗಾ, ಕೊಬ್ಬರಿ ಹೆಚ್ಚಿರಲಿ. ಸಂಕ್ರಾಂತಿಯ ಹೊತ್ತಿಗೆ ಎಳ್ಳುಬೆಲ್ಲ ಬರುವುದರ ಔಚಿತ್ಯವೂ ಇದೇ. ಬೇಸಿಗೆಯಲ್ಲಿ ಎಳ್ಳನ್ನು ಕಡಿಮೆ ಮಾಡಿ ಅರಳನ್ನು ಹೆಚ್ಚಿಸಿರಿ. ಮಳೆಗಾಲದಲ್ಲಿ ಜೀರ್ಣಶಕ್ತಿ ಮಂದವಾಗಿರುವುದರಿಂದ ಪ್ರಮಾಣವನ್ನು ತಗ್ಗಿಸಿ, ಶುಂಠಿಯನ್ನು ಹೆಚ್ಚಿಸಿರಿ. ಗಾಳಿಯಲ್ಲಿ ತೇವವಿರುವ ಆ ದಿನಗಳಲ್ಲಿ ಒಂದು ವಾರಕ್ಕೆ ಬೇಕಾದಷ್ಟನ್ನೇ ಹುರಿಯುವುದು ಲೇಸು.

ಮನೆಯವರಲ್ಲಿ ಒಂದು ವಿನಂತಿ

ಓಟ್ಸ್, ಬಾದಾಮಿಗಳನ್ನು ತಿನ್ನಬಾರದೆಂದು ನಾವು ಹೇಳುತ್ತಿಲ್ಲ. ಶಕ್ತಿಯಿದ್ದವರು ಅವನ್ನೂ ಸೇರಿಸಿಕೊಳ್ಳಬಹುದು. ಆದರೆ ಅವಿಲ್ಲದೆ ಆರೋಗ್ಯವಿಲ್ಲವೆಂಬ ಭ್ರಮೆ ಬೇಡ. ಓಟ್ಸಿನ ಬದಲಿಗೆ ಜೋಳದ ಅವಲಕ್ಕಿ, ಬಾದಾಮಿಯ ಬದಲಿಗೆ ಶೇಂಗಾ, ಬೆರ್ರಿ ಹಣ್ಣಿನ ಬದಲಿಗೆ ಸೀಬೆ, ನೆಲ್ಲಿ. ಇವುಗಳಿಂದಲೂ ಬಟ್ಟಲು ತುಂಬುತ್ತದೆ, ಹೊಟ್ಟೆಯೂ ತುಂಬುತ್ತದೆ.

ಮೊದಲ ಸಲ ಅರ್ಧದಷ್ಟು ಪ್ರಮಾಣದಲ್ಲಿ ಮಾಡಿ ನೋಡಿರಿ. ಒಂದು ವಾರ ತಿಂದ ಮೇಲೆ ಯಾರಿಗೆ ಹೊಟ್ಟೆಯುಬ್ಬರವಾಯಿತು, ಯಾರಿಗೆ ಹಸಿವು ತಡೆಯಿತು, ಯಾರ ಸಕ್ಕರೆಯ ಪ್ರಮಾಣ ಎಷ್ಟಾಯಿತೆಂಬುದನ್ನು ಗಮನಿಸಿ, ಸೇರಿಸುವ ಪದಾರ್ಥಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿರಿ. ಈ ಬಾರಿ ಶೇಂಗಾ ಕಿತ್ತು ಒಣಗಿಸಿದಾಗ ಮಾರಾಟದ ಮೂಟೆಗಳನ್ನು ಕಟ್ಟುವುದಕ್ಕೆ ಮೊದಲು, ಚೆನ್ನಾಗಿ ಬಲಿತ ಕಾಯಿಗಳಲ್ಲಿ ಹತ್ತು ಸೇರಿನಷ್ಟನ್ನು ಮನೆಯ ಮಕ್ಕಳಿಗೆಂದು ಎತ್ತಿಡಿರಿ.